ಗ್ರೆನೋಬ್ಲ್‌ಗೆ ಹೋಗುವವರಿಗೆ: ಮೊದಲು ಗುಡ್ಡ ಹತ್ತಿ, ಆಮೇಲೆ ಊರಿಗೆ ಇಳಿಯಿರಿ

ಮಗಳು ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟಗಳ ನಡುವಿನ ಗ್ರೆನೋಬ್ಲ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದಾಳೆ. ಹೋದ ಸೆಪ್ಟೆಂಬರ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವಳನ್ನು ನೋಡಲು ಹೋಗಿ ಆರು ದಿನ ಇದ್ದು ಬಂದೆವು. ನಮ್ಮ ಹಾಗೆ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಈಗ ಬಹಳ ಜನ. ಮಗುವಿನ ರೂಮು ನೋಡಿ, ಒಂದು ದಿನ ಊರು ಸುತ್ತಿ, ಸೀದಾ ಪ್ಯಾರಿಸ್‌ಗೋ ಸ್ವಿಟ್ಜರ್ಲೆಂಡ್‌ಗೋ ಹೊರಟುಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಊರಿಗೆ ಕಡಿಮೆಯೆಂದರೂ ಮೂರು ಪೂರ್ತಿ ದಿನ ಇಟ್ಟುಕೊಳ್ಳಿ. ಯಾಕೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಲುಪುವುದು ಕಷ್ಟವಿಲ್ಲ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಲಿಯೋನ್ ವಿಮಾನ ನಿಲ್ದಾಣಕ್ಕೆ ಇಳಿದರೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಜಿನೀವಾದಿಂದ ಎರಡು ಗಂಟೆಯ ಹಾದಿ. ಟಿಜಿವಿ ಟಿಕೆಟ್ ದಿನ ಹತ್ತಿರ ಬಂದಂತೆ ದುಬಾರಿಯಾಗುತ್ತದೆ, ಬೇಗ ತೆಗೆದುಕೊಳ್ಳಿ. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಆಗುವುದಿಲ್ಲ. ನಾವು ಮೂರು ತಿಂಗಳು ಮುಂಚೆ ಹಾಕಿದ್ದರಿಂದ ನೆಮ್ಮದಿಯಾಗಿದ್ದೆವು.

ಆಲ್ಪ್ಸ್ ಅಂದ ತಕ್ಷಣ ಊರೇ ಎತ್ತರದಲ್ಲಿರುತ್ತದೆ ಅಂದುಕೊಂಡು ನನ್ನ ಹೆಂಡತಿ ಎರಡು ದಪ್ಪ ಸ್ವೆಟರ್ ತುಂಬಿಸಿಕೊಂಡಿದ್ದಳು. ನಿಜವೆಂದರೆ ಗ್ರೆನೋಬ್ಲ್ ಇರುವುದು ಸಮುದ್ರಮಟ್ಟದಿಂದ ಸುಮಾರು 210 ಮೀಟರ್ ಎತ್ತರದಲ್ಲಿ. ನಮ್ಮ ಬೆಂಗಳೂರು 900 ಮೀಟರ್ ದಾಟುತ್ತದೆ! ಊರು ಅಂಗೈಯಷ್ಟು ಸಪಾಟು. ಸುತ್ತ ಎದ್ದು ನಿಂತಿರುವುದು ಮಾತ್ರ ಬೆಟ್ಟಗಳು. ಬಾಣಲೆಯ ತಳದಲ್ಲಿ ಊರು ಕಟ್ಟಿದ ಹಾಗೆ. ಹಾಗಾಗಿ ಜುಲೈ ಆಗಸ್ಟ್‌ನಲ್ಲಿ ಇಲ್ಲಿ ಬೇಗೆ ಜೋರು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ತಳದಲ್ಲೇ ಕೂತು, ಹೊಗೆಯೂ ಅದರ ಜೊತೆ ನಿಂತುಬಿಡುತ್ತದೆ. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು.

ಈಗ ಮುಖ್ಯ ಮಾತು. ಮೊದಲ ದಿನ ಬೆಳಿಗ್ಗೆ ಬೇರೆ ಏನನ್ನೂ ನೋಡಬೇಡಿ, ಸೀದಾ ಬ್ಯಾಸ್ಟಿಲ್ ಗುಡ್ಡ ಹತ್ತಿ. ಶಾಲೆಯಲ್ಲಿ ಓದಿದ ಬ್ಯಾಸ್ಟಿಲ್ ಸೆರೆಮನೆ ಪ್ಯಾರಿಸ್‌ನದು. ಇದು ಅದಲ್ಲ, ಇದು ಗ್ರೆನೋಬ್ಲ್‌ನ ಕೋಟೆ. ಇಜೇರ್ ನದಿಯ ದಡದಿಂದ ರೋಪ್‌ವೇ ಇದೆ. 1934ರಲ್ಲಿ ಶುರುವಾದದ್ದು. ಊರೊಳಗೇ ಕಟ್ಟಿದ ರೋಪ್‌ವೇಗಳಲ್ಲಿ ಪ್ರಪಂಚದ ಮೊದಮೊದಲಿನವುಗಳಲ್ಲಿ ಒಂದು. 1976ರಿಂದ ಗಾಜಿನ ಚೆಂಡಿನಂಥ ಪುಟ್ಟ ಗೂಡುಗಳು ಸಾಲಾಗಿ ಹೋಗುತ್ತವೆ. ಊರಿನವರು ಅವನ್ನು ‘ಬ್ಯೂಲ್’ ಅನ್ನುತ್ತಾರೆ, ಅಂದರೆ ಗುಳ್ಳೆಗಳು. ನದಿಯ ಮೇಲೆ ತೇಲಿ, ಹೆಂಚಿನ ಮಾಡುಗಳನ್ನು ದಾಟಿ, ಕೆಲವೇ ನಿಮಿಷದಲ್ಲಿ ಮೇಲೆ ಇರುತ್ತೀರಿ. ಜನವರಿಯಲ್ಲಿ ರಿಪೇರಿಗೆಂದು ಕೆಲವು ವಾರ ನಿಲ್ಲಿಸುತ್ತಾರೆ, ಆ ತಿಂಗಳು ಹೋಗುವವರು ವಿಚಾರಿಸಿಕೊಳ್ಳಿ.

ಮೇಲೆ ನಿಂತಾಗ ಊರಿನ ಕಥೆಯೆಲ್ಲ ಭೂಪಟದ ಹಾಗೆ ಕೆಳಗೆ ಬಿಚ್ಚಿಕೊಳ್ಳುತ್ತದೆ. ನೀವು ನಿಂತಿರುವುದು ಶಾರ್ತ್ರೂಜ್ ಬೆಟ್ಟಸಾಲಿನ ತುದಿಯಲ್ಲಿ. ಬಲಗಡೆ ಗೋಡೆಯಂತೆ ಎದ್ದಿರುವುದು ವೆರ್ಕೋರ್. ಎಡಗಡೆ ಹಿಮದ ಚೂಪು ಶಿಖರಗಳ ಸಾಲು ಬೆಲ್‌ದಾನ್. ಶಾರ್ತ್ರೂಜ್, ವೆರ್ಕೋರ್ ಎರಡೂ ಸುಣ್ಣಕಲ್ಲಿನವು, ಅದಕ್ಕೇ ಬಿಳಿ ಕಡಿದಾದ ಬಂಡೆಗೋಡೆಗಳು, ಒಳಗೆಲ್ಲ ಗುಹೆಗಳು. ಬೆಲ್‌ದಾನ್ ಇನ್ನೂ ಹಳೆಯ ಗಟ್ಟಿ ಕಲ್ಲು, ಅದಕ್ಕೇ ಆ ಹಲ್ಲು ಹಲ್ಲಿನ ಆಕಾರ. ಮೂರು ಸಾಲುಗಳ ನಡುವೆ ಮೂರು ಕಣಿವೆಗಳು ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂಡುತ್ತವೆ. ಕೂಡುವ ಜಾಗದಲ್ಲೇ ಊರು. ಇಜೇರ್ ಒಂದು ಕಡೆಯಿಂದ ಬಳುಕುತ್ತಾ ಬರುತ್ತದೆ, ದ್ರಾಕ್ ನದಿ ದಕ್ಷಿಣದಿಂದ ನೇರ ಬಂದು ಅದಕ್ಕೆ ಸೇರುತ್ತದೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಮೌಂಟ್ ಬ್ಲಾಂಕ್ ಕೂಡ ಕಾಣುತ್ತದೆ. ನಮಗೆ ಎರಡನೇ ಸಲ ಹತ್ತಿದಾಗ ಕಂಡಿತು. ಬೆಳಿಗ್ಗೆ ಬೇಗ ಹೋದರೆ ಕಾಣುವ ಸಾಧ್ಯತೆ ಜಾಸ್ತಿ.

ಈ ಎರಡು ನದಿಗಳ ಬಗ್ಗೆ ಊರಿನಲ್ಲಿ ಒಂದು ಹಳೆಯ ಮಾತಿದೆ: ಹಾವೂ ಡ್ರ್ಯಾಗನ್ನೂ ಸೇರಿ ಗ್ರೆನೋಬ್ಲನ್ನು ಸೋಪಿನ ಹಾಗೆ ಕರಗಿಸುತ್ತವೆ ಅಂತ. ಹಾವು ಅಂದರೆ ಇಜೇರ್, ಡ್ರ್ಯಾಗನ್ ಅಂದರೆ ದ್ರಾಕ್. ಕೆಳಗೆ ನದಿಯ ಹತ್ತಿರ ಹಾವನ್ನು ತುಳಿದು ನಿಂತ ಸಿಂಹದ ಕಾರಂಜಿಯಿದೆ. ಸಿಂಹವೇ ಊರು. ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1191ರಲ್ಲಿ ಮೇಲಿನ ಓಯ್ಸಾಂ ಕಣಿವೆಯಲ್ಲಿ ಗುಡ್ಡ ಕುಸಿದು ರೊಮಾಂಶ್ ನದಿಗೆ ಅಡ್ಡಗಟ್ಟಿತು, ದೊಡ್ಡ ಕೆರೆಯೇ ನಿಂತಿತು. 1219ರ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಆ ಕಟ್ಟೆ ಒಡೆಯಿತು. ರೊಮಾಂಶ್ ದ್ರಾಕ್‌ಗೆ, ದ್ರಾಕ್ ಇಜೇರ್‌ಗೆ ನುಗ್ಗಿ ಊರು ಮುಳುಗಿತು. 1859ರಲ್ಲೂ ಮಹಾಪೂರ ಬಂದಿತ್ತು. ಇಷ್ಟಾದರೂ ಜನ ಈ ಸಂಗಮವನ್ನು ಬಿಟ್ಟು ಹೋಗಲಿಲ್ಲ. ಬೆಟ್ಟದ ದಾರಿಗಳೆಲ್ಲ ಬಂದು ಸೇರುವುದು ಇಲ್ಲೇ, ನದಿ ದಾಟುವುದೂ ಇಲ್ಲೇ. ಹೋಗುವುದಾದರೂ ಎಲ್ಲಿಗೆ?

ಕೋಟೆಯೂ ಅದೇ ಕಾರಣಕ್ಕೆ ಬಂದದ್ದು. ಆಗ ಫ್ರಾನ್ಸ್‌ನ ಗಡಿ ಇಲ್ಲಿಗೆ ಬಹಳ ಹತ್ತಿರ, ಆಚೆ ಸವಾಯ್ ಸೀಮೆ ಬೇರೆ ರಾಜ್ಯ. ಈಗ ಕಾಣುವ ಕೋಟೆಯನ್ನು ಜನರಲ್ ಆಕ್ಸೋ 1823ರಿಂದ ಕಟ್ಟಿಸಿದ. ಕೆಲಸ ಮುಗಿದದ್ದು 1848ರ ಹೊತ್ತಿಗೆ. 1860ರಲ್ಲಿ ಸವಾಯ್ ಫ್ರಾನ್ಸ್‌ಗೇ ಸೇರಿತು. ಗಡಿ ದೂರ ಹೋಯಿತು, ಕೋಟೆ ಉಳಿಯಿತು.

ಮಂಡಿ ಗಟ್ಟಿಯಿದ್ದರೆ ಬರುವಾಗ ನಡೆದು ಇಳಿಯಿರಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ನನ್ನ ಹೆಂಡತಿಗೆ ಮಂಡಿ ನೋವು, ಅವಳು ಗುಳ್ಳೆಯಲ್ಲೇ ಇಳಿದಳು. ನಾನೂ ಮಗಳೂ ನಡೆದೆವು. ದಾರಿಯಲ್ಲಿ ಹಳೆಯ ಕಾನ್ವೆಂಟ್ ಒಂದರಲ್ಲಿ ದೋಫಿನೆ ಮ್ಯೂಸಿಯಂ ಸಿಗುತ್ತದೆ, ದೋಫಿನೆ ಅಂದರೆ ಈ ಸೀಮೆಯ ಹಳೆಯ ಹೆಸರು. ಬೆಟ್ಟದ ಜನರ ಬದುಕು, ನೇಗಿಲು, ತೊಟ್ಟಿಲು, ಹಳೆಯ ಸ್ಕೀ ಹಲಗೆಗಳು, ಎಲ್ಲ ಇವೆ. ಟಿಕೆಟ್ ಇಲ್ಲ. ಇಜೇರ್ ಜಿಲ್ಲೆಯ ಆಡಳಿತ ನಡೆಸುವ ಮ್ಯೂಸಿಯಂಗಳೆಲ್ಲ ಉಚಿತ, ಇದನ್ನು ನೆನಪಿಡಿ. ಇನ್ನೂ ಕೆಳಗೆ ನದಿ ಪಕ್ಕದಲ್ಲಿ ಸಾಂ ಲೊರಾಂ ಮ್ಯೂಸಿಯಂ. ಹೊರಗಿನಿಂದ ಸಾಧಾರಣ ಚರ್ಚು. ಒಳಗೆ ನೆಲವನ್ನೇ ಅಗೆದು, ಒಂದರ ಕೆಳಗೆ ಒಂದು ಕಾಲದ ಗೋರಿಗಳನ್ನು ತೆರೆದಿಟ್ಟಿದ್ದಾರೆ. ತಳದಲ್ಲಿ ಆರನೇ ಶತಮಾನದ ನೆಲಮಾಳಿಗೆ, ಪುಟ್ಟ ಕಂಬಗಳು, ಮೇಲೆ ಕೆತ್ತನೆ. ನಾನು ಅಲ್ಲಿ ಮಾತಿಲ್ಲದೆ ಬಹಳ ಹೊತ್ತು ನಿಂತಿದ್ದೆ. ಗ್ರೆನೋಬ್ಲ್‌ನಲ್ಲಿ ಒಂದೇ ಜಾಗ ಆರಿಸಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಸೇತುವೆ ದಾಟಿದರೆ ಹಳೇ ಪೇಟೆ. ಇಲ್ಲಿದ್ದ ಹಳ್ಳಿಯ ಹೆಸರು ಕುಲಾರೋ. ಕ್ರಿಸ್ತಪೂರ್ವ 43ರಲ್ಲಿ ರೋಮ್‌ನ ವಾಗ್ಮಿ ಸಿಸೆರೋಗೆ ಬಂದ ಒಂದು ಪತ್ರದಲ್ಲಿ ಈ ಹೆಸರಿದೆ. ಮೂರನೇ ಶತಮಾನದ ಕೊನೆಗೆ ರೋಮನ್ನರು ಸುತ್ತ ಗೋಡೆ ಕಟ್ಟಿದರು. ಮುಂದೆ ಚಕ್ರವರ್ತಿ ಗ್ರೇಷಿಯನ್ ಹೆಸರಿನಲ್ಲಿ ಗ್ರೇಷಿಯನೋಪೊಲಿಸ್ ಆಯಿತು. ಅದೇ ಬಾಯಿಂದ ಬಾಯಿಗೆ ಸವೆದು ಗ್ರೆನೋಬ್ಲ್. 1989ರಲ್ಲಿ ಟ್ರ್ಯಾಮ್ ಹಳಿಗೆ ಅಗೆಯುವಾಗ ದೊಡ್ಡ ಚರ್ಚಿನ ಮುಂದೆ ಆ ಕಾಲದ ಗೋಡೆಯೂ, ದೀಕ್ಷಾಸ್ನಾನದ ತೊಟ್ಟಿಯೂ ಸಿಕ್ಕವು. ಪಕ್ಕದ ಹಳೇ ಬಿಷಪ್ ಅರಮನೆಯ ಮ್ಯೂಸಿಯಂನಲ್ಲಿ ನೆಲದಡಿಗೆ ಇಳಿದು ನೋಡಬಹುದು. ಅದೂ ಉಚಿತ.

ಎಲ್ಲಿ ನೋಡಿದರೂ ಡಾಲ್ಫಿನ್ ಚಿತ್ರ ಯಾಕೆ, ಸಮುದ್ರ ಎಲ್ಲಿದೆ ಇಲ್ಲಿ ಅಂತ ನನ್ನ ಹೆಂಡತಿ ಕೇಳಿದಳು. ಈ ಸೀಮೆಯ ದೊರೆಗಳ ಬಿರುದೇ ‘ದೋಫಾಂ’, ಅಂದರೆ ಡಾಲ್ಫಿನ್. ಕೊನೆಯ ದೊರೆ ಎರಡನೇ ಉಂಬೇರ್‌ಗೆ ವಾರಸುದಾರರಿಲ್ಲ, ಸಾಲ ಬೇರೆ. 1349ರಲ್ಲಿ ಸೀಮೆಯನ್ನು ಫ್ರಾನ್ಸ್ ರಾಜಮನೆತನಕ್ಕೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಫ್ರಾನ್ಸ್‌ನ ಪಟ್ಟದ ಯುವರಾಜನಿಗೆ ದೋಫಾಂ ಅನ್ನುವ ಬಿರುದು ಬಂತು.

ಹಳೆಯ ನ್ಯಾಯಾಲಯದ ಕಟ್ಟಡ ಇರುವ ಸಾಂತಾಂದ್ರೆ ಚೌಕದಲ್ಲಿ ಕಾಫಿ ಕುಡಿಯುತ್ತಾ ಮಾಡುಗಳ ಕಡೆ ಒಮ್ಮೆ ನೋಡಿ. 1788ರ ಜೂನ್ 7ರಂದು ಇಲ್ಲಿನ ನ್ಯಾಯಾಧೀಶರನ್ನು ಊರು ಬಿಡಿಸಲು ರಾಜನ ಆಜ್ಞೆ ಬಂದಾಗ ಜನ ರೊಚ್ಚಿಗೆದ್ದರು. ಮಾಡು ಹತ್ತಿ ಸೈನಿಕರ ಮೇಲೆ ಹೆಂಚು ಎಸೆದರು. ‘ಹೆಂಚಿನ ದಿನ’ ಅಂತಲೇ ಅದಕ್ಕೆ ಹೆಸರು. ಪ್ಯಾರಿಸ್‌ನ ಸೆರೆಮನೆ ಬೀಳಲು ಇನ್ನೂ ಒಂದು ವರ್ಷ ಇತ್ತು. ಆರು ವಾರಗಳ ನಂತರ, ಜುಲೈ 21ಕ್ಕೆ, ವಿಜೀಲ್ ಅರಮನೆಯಲ್ಲಿ ಸೀಮೆಯ ಪ್ರತಿನಿಧಿಗಳು ಸಭೆ ಸೇರಿದರು. ಆ ಅರಮನೆ ಈಗ ಫ್ರೆಂಚ್ ಕ್ರಾಂತಿಯ ಮ್ಯೂಸಿಯಂ. ಊರಿನಿಂದ ದಕ್ಷಿಣಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು, ಬಸ್ ಇದೆ. ಅರ್ಧ ದಿನ ಇಟ್ಟುಕೊಳ್ಳಿ, ಹಿಂದಿನ ತೋಟವೇ ಸಾಕಷ್ಟು ದೊಡ್ಡದು. ಇನ್ನೂ ಮೇಲೆ ಹೋದರೆ ಲಾಫ್ರೇ. 1815ರ ಮಾರ್ಚ್ 7ರಂದು, ಎಲ್ಬಾ ದ್ವೀಪದಿಂದ ಮರಳಿದ ನೆಪೋಲಿಯನ್‌ನನ್ನು ತಡೆಯಲು ಬಂದ ಸೈನಿಕರು ಅವನ ಕಡೆಗೇ ಸೇರಿಕೊಂಡ ಹುಲ್ಲುಗಾವಲು ಅದು. ಆ ರಾತ್ರಿಯೇ ಅವನು ಗ್ರೆನೋಬ್ಲ್ ಹೊಕ್ಕ.

ನನಗೆ ಜಾಸ್ತಿ ಹಿಡಿಸಿದ್ದು ನೀರಿನ ಇನ್ನೊಂದು ಕಥೆ. ಶತಮಾನಗಳ ಕಾಲ ಊರನ್ನು ಮುಳುಗಿಸಿದ ಅದೇ ನೀರು ಆಮೇಲೆ ಊರಿಗೆ ಅನ್ನ ಕೊಟ್ಟಿತು. ಕಾಗದದ ಕಾರ್ಖಾನೆಯ ಅರಿಸ್ತೀದ್ ಬೆರ್ಜೆಸ್ 1869ರಲ್ಲಿ, ಹತ್ತಿರದ ಲಾಂಸೆಯಲ್ಲಿ, ಬೆಲ್‌ದಾನ್ ಬೆಟ್ಟದ ನೀರನ್ನು ಸುಮಾರು 200 ಮೀಟರ್ ಎತ್ತರದಿಂದ ಕೊಳವೆಯಲ್ಲಿ ಇಳಿಸಿ ಯಂತ್ರ ತಿರುಗಿಸಿದ. ಹಿಮದ ಈ ಶಕ್ತಿಗೆ ‘ಬಿಳಿ ಕಲ್ಲಿದ್ದಲು’ ಅನ್ನುವ ಹೆಸರು ಮನೆಮಾತಾದದ್ದು ಅವನಿಂದಲೇ. ಆಮೇಲೆ ವಿದ್ಯುತ್ ಬಂತು, ಟರ್ಬೈನ್ ತಯಾರಿಕೆ ಬಂತು, ಅದನ್ನು ಕಲಿಸುವ ಕಾಲೇಜುಗಳು ಬಂದವು. ಇಂದು ಭಾರತದ ಮಕ್ಕಳು ಇಲ್ಲಿಗೆ ಓದಲು ಬರುವುದರ ಹಿಂದೆ ಆ ಕೊಳವೆಯೂ ಇದೆ. ಎರಡು ನದಿ ಕೂಡುವ ಮೂಲೆಯಲ್ಲಿ ದೊಡ್ಡ ಉಂಗುರದಂಥ ಕಟ್ಟಡ ಬ್ಯಾಸ್ಟಿಲ್ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಅದು ಯುರೋಪಿನ ಸಿಂಕ್ರೊಟ್ರಾನ್, ಸುತ್ತಳತೆ 844 ಮೀಟರ್. ತೀಕ್ಷ್ಣ ಎಕ್ಸ್-ರೇ ಹುಟ್ಟಿಸಿ ವಸ್ತುಗಳ ಒಳಗನ್ನು ನೋಡುವ ಜಾಗ.

ಪಾಲ್ ಮಿಸ್ತ್ರಾಲ್ ಪಾರ್ಕಿನಲ್ಲಿ ಕಾಂಕ್ರೀಟಿನ ಎತ್ತರದ ಗೋಪುರವೊಂದಿದೆ. ಬಿಳಿ ಕಲ್ಲಿದ್ದಲಿನ 1925ರ ಪ್ರದರ್ಶನಕ್ಕೆ ವಾಸ್ತುಶಿಲ್ಪಿ ಒಗ್ಯೂಸ್ತ್ ಪೆರೇ ಕಟ್ಟಿದ್ದು, ಎತ್ತರ 95 ಮೀಟರಿನಷ್ಟು. ಕಾಂಕ್ರೀಟು ಇಲ್ಲಿ ಹೊರಗಿನ ಸಾಮಾನಲ್ಲ. ಸಿಮೆಂಟಿನ ಗುಟ್ಟು ಬಿಡಿಸಿದ ಲೂಯಿ ವಿಕಾ ಈ ಊರಿನಲ್ಲೇ ಬೆಳೆದವನು, ಶಾರ್ತ್ರೂಜ್ ಸುಣ್ಣಕಲ್ಲಿನಿಂದ ಇಲ್ಲಿ ಸಿಮೆಂಟ್ ಉದ್ಯಮವೇ ಬೆಳೆಯಿತು. ಪೇಟೆಯ ಎಷ್ಟೋ ಮನೆಗಳ ಕೆತ್ತನೆ ಕಲ್ಲಿನದಲ್ಲ, ಅಚ್ಚು ಹೊಯ್ದ ಸಿಮೆಂಟು. ಹತ್ತಿರ ಹೋಗಿ ಮುಟ್ಟಿ ನೋಡಿ. ಅದೇ ಪಾರ್ಕಿನ ಸುತ್ತ 1968ರ ಚಳಿಗಾಲದ ಒಲಿಂಪಿಕ್ಸ್‌ನ ಕಟ್ಟಡಗಳೂ ಇವೆ. ಫ್ರಾನ್ಸ್‌ನ ಸ್ಕೀ ಆಟಗಾರ ಜಾಂ ಕ್ಲೋದ್ ಕಿಲ್ಲಿ ಆಗ ಮೂರು ಚಿನ್ನ ಗೆದ್ದದ್ದು ಮೇಲಿನ ಶಾಮ್ರೂಸ್‌ನಲ್ಲಿ.

ಒಂದು ಎಚ್ಚರಿಕೆ, ಇದನ್ನು ಖಂಡಿತ ಪಾಲಿಸಿ. ದ್ರಾಕ್ ನದಿಯ ಪಾತ್ರ ಒಣಗಿದ ಹಾಗೆ ಕಾಣುತ್ತದೆ, ಬೆಣಚುಕಲ್ಲಿನ ಮೇಲೆ ಮಕ್ಕಳನ್ನು ಆಡಲು ಬಿಡೋಣ ಅನಿಸುತ್ತದೆ. ಇಳಿಯಬೇಡಿ. ಮೇಲೆ ಅಣೆಕಟ್ಟುಗಳಿವೆ, ನೀರು ಬಿಟ್ಟರೆ ಕೆಲವೇ ನಿಮಿಷದಲ್ಲಿ ಏರುತ್ತದೆ. 1995ರ ಡಿಸೆಂಬರ್‌ನಲ್ಲಿ ಶಾಲೆಯ ಕಡೆಯಿಂದ ಬಂದಿದ್ದ ಆರು ಮಕ್ಕಳು, ಅವರ ಜೊತೆಗಿದ್ದ ಒಬ್ಬರು ಹೀಗೇ ಕೊಚ್ಚಿಹೋದರು. ನಿಷೇಧದ ಫಲಕ ಫ್ರೆಂಚಿನಲ್ಲಿದೆ ಅಂತ ದಾಟಿ ಹೋಗಬೇಡಿ.

ಓಡಾಟಕ್ಕೆ ಟ್ರ್ಯಾಮ್ ಸಾಕು. 1987ರಲ್ಲಿ ಶುರುವಾದಾಗಲೇ ಗಾಲಿಕುರ್ಚಿಯವರೂ ಹತ್ತುವಂತೆ ತಗ್ಗಿನ ನೆಲ ಮಾಡಿದ್ದರು. ಮಂಡಿ ನೋವಿನವರಿಗೆ ಇದು ದೊಡ್ಡ ಉಪಕಾರ. ರೈಲು ನಿಲ್ದಾಣದಿಂದ ಪೇಟೆಗೆ ಎ ಅಥವಾ ಬಿ ಲೈನು, ಕ್ಯಾಂಪಸ್ಸಿಗೆ ಬಿ. ಟಿಕೆಟ್ಟನ್ನು ಹತ್ತುವ ಮುಂಚೆ ನಿಲ್ದಾಣದ ಯಂತ್ರಕ್ಕೆ ಹಾಕಿ ಗುರುತು ಮಾಡಿಸಿಕೊಳ್ಳಿ.

ನಾವು ಎಡವಿದ್ದು ಎರಡು ಕಡೆ. ಮಂಗಳವಾರ ಮ್ಯೂಸಿಯಂಗೆ ಹೋಗಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದೆವು. ಚಿತ್ರಕಲೆಯ ದೊಡ್ಡ ಮ್ಯೂಸಿಯಂಗೂ ದೋಫಿನೆಗೂ ಮಂಗಳವಾರ ರಜೆ. ಇನ್ನೊಂದು ದಿನ ಎರಡೂಕಾಲಿಗೆ ಊಟಕ್ಕೆ ಹೋದರೆ ಅಡುಗೆಮನೆ ಮುಚ್ಚಿತ್ತು. ಹನ್ನೆರಡರಿಂದ ಎರಡರೊಳಗೆ ಊಟ, ಆಮೇಲೆ ಸಂಜೆ ಏಳರವರೆಗೆ ಬಿಸಿ ಊಟ ಸಿಗುವುದು ಕಷ್ಟ. ಭಾನುವಾರ ಹೆಚ್ಚಿನ ಅಂಗಡಿಗಳಿಲ್ಲ, ಶನಿವಾರವೇ ಹಾಲು ಬ್ರೆಡ್ ತಂದಿಡಿ. ಸಸ್ಯಾಹಾರಿಗಳಿಗೆ ಇಲ್ಲಿನ ಗ್ರಾತಾಂ ದೋಫಿನ್ವಾ ವರದಾನ. ಆಲೂಗಡ್ಡೆಯ ತೆಳು ಬಿಲ್ಲೆಗಳನ್ನು ಹಾಲು, ಕೆನೆ, ಬೆಳ್ಳುಳ್ಳಿಯಲ್ಲಿ ನಿಧಾನ ಬೇಯಿಸುತ್ತಾರೆ. ರಾವಿಯೋಲ್ ಅನ್ನುವ ಪುಟ್ಟ ಚೀಸ್ ಕಡುಬುಗಳೂ ರುಚಿ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ತಿನ್ನದವರು ಮೊದಲೇ ಕೇಳಿ.

ಒಂದು ದಿನ ಉಳಿದರೆ ವೆರ್ಕೋರ್‌ಗೆ ಹೋಗಿ. ಆ ಎತ್ತರದ ನೆಲದ ಮೇಲೆ 1944ರ ಜುಲೈನಲ್ಲಿ ನಾಜಿಗಳ ವಿರುದ್ಧ ನಿಂತ ಸಾವಿರಾರು ಯುವಕರ ಮೇಲೆ ಜರ್ಮನ್ ಸೈನ್ಯ ಗ್ಲೈಡರುಗಳಲ್ಲಿ ಬಂದಿಳಿಯಿತು. ಹಳ್ಳಿಗಳೇ ಸುಟ್ಟುಹೋದವು. ಹೋಗುವ ಮುಂಚೆ ಊರಿನ ಪ್ರತಿರೋಧ ಚಳವಳಿಯ ಮ್ಯೂಸಿಯಂ ನೋಡಿ. ಆಮೇಲೆ ಆ ಹಸಿರು ನೋಡುವ ಕಣ್ಣೇ ಬೇರೆಯಾಗುತ್ತದೆ.

ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಪ್ಲಾಸ್ ಓ ಜೆರ್ಬ್ ಸಂತೆಯಲ್ಲಿ ಹಸಿ ಅಕ್ರೋಟು ಕೇಳಿ. ಗ್ರೆನೋಬ್ಲ್ ಅಕ್ರೋಟಿಗೆ 1938ರಿಂದಲೇ ಊರಿನ ಹೆಸರಿನ ಕಾನೂನು ರಕ್ಷಣೆ ಇದೆ. ಹಸಿಯದರ ತಿರುಳಿನ ಮೇಲಿನ ಕಹಿ ಸಿಪ್ಪೆ ಉಗುರಲ್ಲೇ ಬಿಡಿಸಬಹುದು. ಒಳಗೆ ಬೆಳ್ಳಗೆ, ಎಳೆ ಕೊಬ್ಬರಿಯ ಹಾಗೆ. ಅದು ಬೇಗ ಬೂಷ್ಟು ಹಿಡಿಯುತ್ತದೆ, ಅಲ್ಲೇ ತಿಂದು ಮುಗಿಸಿ. ಮನೆಗೆ ತರುವುದಾದರೆ ಒಣಗಿದ್ದನ್ನೇ ತನ್ನಿ.