ಆರು ಪೌಂಡರ್ ಫಿರಂಗಿ ತಡವಾದದ್ದು

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಬಳಸಿದ, ಗುಂಡಿನ ತೂಕದಿಂದ ಹೆಸರು ಪಡೆದ ಆರು ಪೌಂಡರ್ ಟ್ಯಾಂಕ್ ನಿರೋಧಕ ಫಿರಂಗಿಯ ಬಗ್ಗೆ ಓದಿದಾಗಲೆಲ್ಲ, ಅದರ ಸಾಮರ್ಥ್ಯಕ್ಕಿಂತ ಅದು ತಡವಾದ ಕಾರಣವೇ ನನ್ನನ್ನು ಹೆಚ್ಚು ಕಾಡುತ್ತದೆ. 57 ಮಿಲಿಮೀಟರಿನ ಈ ಫಿರಂಗಿಯ ವಿನ್ಯಾಸ 1940ರ ಹೊತ್ತಿಗೇ ಸಿದ್ಧವಾಗಿತ್ತು. ಆದರೆ ಅದಕ್ಕಿಂತ ಚಿಕ್ಕದಾದ, ಹಳೆಯ 'ಎರಡು ಪೌಂಡರ್' ಫಿರಂಗಿಗಳನ್ನು ನೂರಾರು ಸಂಖ್ಯೆಯಲ್ಲಿ ಫ್ರಾನ್ಸಿನಲ್ಲೇ ಬಿಟ್ಟು ಅಲ್ಲಿನ ಡಂಕರ್ಕ್ ಬಂದರಿನಿಂದ ಮರಳಿದ್ದ ಬ್ರಿಟನ್‌ಗೆ, ಜರ್ಮನರು ಯಾವಾಗ ಬೇಕಾದರೂ ದಾಳಿಯಿಡಬಹುದಾದ ಆ ದಿನಗಳಲ್ಲಿ, ಕಾರ್ಖಾನೆಗಳನ್ನು ಹೊಸ ಫಿರಂಗಿಗೆ ಸಜ್ಜುಗೊಳಿಸುವಷ್ಟು ಬಿಡುವಿರಲಿಲ್ಲ. ಹಾಗಾಗಿ ಹಳೆಯದರ ತಯಾರಿಕೆಯೇ ಮುಂದುವರಿಯಿತು. ಆ ನಿರ್ಧಾರವನ್ನು ತಪ್ಪೆನ್ನಲು ನನಗೆ ಮನಸ್ಸಾಗದು. ಆದರೆ ಅದರ ಬೆಲೆ ತೆತ್ತವರು, ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ 40 ಮಿಲಿಮೀಟರಿನ ಎರಡು ಪೌಂಡರನ್ನು ಲಾರಿಯ ಮೇಲಿಟ್ಟು, ಮರೆಯಿಲ್ಲದ ಬಯಲಿನಲ್ಲಿ ಜರ್ಮನ್ ಸೇನಾಪತಿ ರೊಮ್ಮೆಲನ ಟ್ಯಾಂಕುಗಳನ್ನು ಎದುರಿಸಿದ ಸೈನಿಕರು.

ಆರು ಪೌಂಡರ್ ಯುದ್ಧಭೂಮಿ ಕಂಡದ್ದು 1942ರ ಮೇ ತಿಂಗಳಲ್ಲಿ, ಲಿಬಿಯಾದ ಗಜಾಲಾದಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ, ಈಜಿಪ್ಟಿನ ಎಲ್ ಅಲಮೇನ್ ಕದನದ ವೇಳೆ 'ಸ್ನೈಪ್' ಎಂಬ ಠಾಣ್ಯದಲ್ಲಿ, ಸುತ್ತುವರಿಯಲ್ಪಟ್ಟ ಒಂದು ತುಕಡಿ 19 ಫಿರಂಗಿಗಳಿಂದ 30ಕ್ಕೂ ಹೆಚ್ಚು ಟ್ಯಾಂಕುಗಳನ್ನು ನಾಶಪಡಿಸಿತು. ಒಂದು ಫಿರಂಗಿಗೆ ಆಳುಗಳು ಸಾಲದಾದಾಗ ದಳದ ಕಮಾಂಡರ್ ವಿಕ್ಟರ್ ಟರ್ನರ್ ತಾವೇ ಗುಂಡು ತುಂಬಲು ನಿಂತರು. ತಲೆಗೆ ತೀವ್ರ ಗಾಯವಾದರೂ ಠಾಣ್ಯ ಬಿಟ್ಟು ಕದಲಲಿಲ್ಲ. ಅವರಿಗೆ ಮುಂದೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು.