ಮಂಜರಾಬಾದ್ ದಾರಿಯಲ್ಲಿ ಸಿಕ್ಕ ಐದು ರೂಪಾಯಿ

ಹಾಸನದಿಂದ ಬೆಳಗ್ಗೆ ಏಳಕ್ಕೆ ಸಕಲೇಶಪುರದ ಬಸ್ ಹತ್ತಿದೆ. ದೊಡ್ಡಪ್ಪನನ್ನು ನೋಡಬೇಕಿತ್ತು, ಹಾಗೇ ಮಂಜರಾಬಾದ್ ಕೋಟೆಯನ್ನೂ ಇನ್ನೊಮ್ಮೆ ಹತ್ತಬೇಕಿತ್ತು.

ನಾಣ್ಯ ಕೂಡಿಡುವವರು ಚಿಲ್ಲರೆಯನ್ನು ತಿರುಗಿಸಿ ನೋಡದೆ ಜೇಬಿಗೆ ಹಾಕುವುದಿಲ್ಲ. ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ, ಬಾಳ್ಳುಪೇಟೆ ಬರುವ ಮೊದಲೇ, ಸಿಕ್ಕೇಬಿಟ್ಟಿತು: 1965ರ ಯುದ್ಧಕ್ಕೆ 50 ವರ್ಷ ತುಂಬಿದಾಗ, 2015ರಲ್ಲಿ ಬಂದ ಐದು ರೂಪಾಯಿ ನಾಣ್ಯ! ಹಿತ್ತಾಳೆ ಬಣ್ಣ, 6 ಗ್ರಾಂ ತೂಕ, ನಡುವೆ ಅಮರ್ ಜವಾನ್ ಸ್ಮಾರಕ, ಎರಡೂ ಬದಿಗೆ ಆಲಿವ್ ಎಲೆ. ಆ ಸ್ಮಾರಕ ಕಟ್ಟಿದ್ದು 1971ರ ಯುದ್ಧದ ನಂತರ, ಆದರೂ 1965ರ ಹುಡುಗರಿಗೂ ಅದೇ ಗುರುತು. ನನ್ನ ಹತ್ತಿರ ನೇತಾಜಿಯವರ 75 ರೂಪಾಯಿಯದೂ ಇದೆ, 2018ರದ್ದು, 35 ಗ್ರಾಂ, ಅರ್ಧ ಬೆಳ್ಳಿ. ಅದು ಡಬ್ಬಿ ಬಿಟ್ಟು ಹೊರಗೆ ಬರಲ್ಲ. ನನಗೆ ಇಷ್ಟ ಆಗೋದು ಹೀಗೆ ಕೈಯಿಂದ ಕೈಗೆ ಸವೆದು ಬಂದದ್ದೇ.

ಕೋಟೆಗೆ ಸುಮಾರು 250 ಮೆಟ್ಟಿಲು. ಮಂಜು ಎಷ್ಟಿತ್ತೆಂದರೆ ಬಾಗಿಲು ಮುಟ್ಟುವವರೆಗೆ ಗೋಡೆಯೇ ಕಾಣಲಿಲ್ಲ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಮದ್ದಿನ ಕೋಣೆಯ ತಂಪಿನಲ್ಲಿ ಕೂತಾಗ ಒಂದು ಹಳೆಯ ಪದಕ ನೆನಪಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಸೋಹೋ ಟಂಕಸಾಲೆಯಲ್ಲಿ ಮಾಡಿಸಿದ್ದು ಅದು. ಅದರಲ್ಲಿ ಇಂಗ್ಲಿಷರ ಸಿಂಹ ಟಿಪ್ಪುವಿನ ಹುಲಿಯನ್ನು ನೆಲಕ್ಕೆ ಕೆಡವಿ ಮೇಲೆ ನಿಂತಿದೆ. ದೊಡ್ಡ ಅಧಿಕಾರಿಗಳಿಗೆ ಚಿನ್ನದ್ದು, ಸಿಪಾಯಿಗಳಿಗೆ ತವರದ್ದು. ಕೆತ್ತನೆ ಬಹಳ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಆ ಹುಲಿಯ ಮನೆಯಲ್ಲೇ ಕೂತು ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಜೇಬಿನ ಐದು ರೂಪಾಯಿ ತೆಗೆದು ಮತ್ತೆ ನೋಡಿದೆ. ಇದರ ಮೇಲೆ ಸೋತವರು ಯಾರೂ ಇಲ್ಲ, ಯಾರ ಎದೆಯ ಮೇಲೂ ಯಾರೂ ನಿಂತಿಲ್ಲ. ಯುದ್ಧದ ನಾಣ್ಯ ಅಂದರೆ ಹೀಗಿರಬೇಕು ಅನ್ನಿಸಿತು.

ಮಧ್ಯಾಹ್ನ ದೊಡ್ಡಪ್ಪನ ಮನೆ. ಅಕ್ಕಿ ರೊಟ್ಟಿ, ಕಳಲೆ ಪಲ್ಯ. 1965ರಲ್ಲಿ ಅವರು ಪಂಜಾಬ್ ಗಡಿಯಲ್ಲಿದ್ದರು. ಆ ಬಗ್ಗೆ ಜಾಸ್ತಿ ಮಾತಾಡುವವರಲ್ಲ. ಊಟ ಆದ ಮೇಲೆ ನಾಣ್ಯ ಕೈಗಿಟ್ಟೆ. ಕಿಟಕಿ ಹತ್ತಿರ ಹೋಗಿ, ಕನ್ನಡಕ ಮೇಲೆತ್ತಿ, ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.

"ಅಮರ್ ಜವಾನ್ ಅಲ್ವೇನ್ಲಾ ಇದು?"

"ಹೂಂ ದೊಡ್ಡಪ್ಪ."

"ಅಲ್ಲಿ ಬಂದೂಕು ತಲೆಕೆಳಗೆ ನಿಲ್ಸಿರ್ತಾರೆ, ಮೇಲೆ ಟೋಪಿ. ಅಂದ್ರೆ ಅವ್ನು ವಾಪಸ್ ಬಂದಿಲ್ಲ ಅಂತ."

ಆಮೇಲೆ ಇಬ್ಬರು ಗೆಳೆಯರ ಹೆಸರು ಹೇಳಿದರು. ಇಷ್ಟು ವರ್ಷದಲ್ಲಿ ನಾನು ಆ ಹೆಸರು ಕೇಳಿದ್ದು ಅದೇ ಮೊದಲು. ದೊಡ್ಡಮ್ಮನೂ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು.

ಹೊರಡುವಾಗ ನಾಣ್ಯ ಅವರ ಅಂಗಿ ಜೇಬಿನಲ್ಲೇ ಇತ್ತು. ನಾನು ಕೇಳಲಿಲ್ಲ. ಗೇಟಿನವರೆಗೆ ಬಂದು, ಬೇರೆ ಐದು ರೂಪಾಯಿ ತೆಗೆದು ನನ್ನ ಕೈಗೆ ಇಟ್ಟರು. "ಬಸ್ಸಿಗೆ ಚಿಲ್ಲರೆ ಬೇಕಾಗುತ್ತೆ, ಇಟ್ಕೋ."