ಮೇಲೆದ್ದ ಹಿತ್ತಾಳೆಯ ಬಳ್ಳಿ

ಗಾಜಿನ ಬಾಗಿಲಿನ ಆ ಹಳೆಯ ಪ್ರದರ್ಶನ ಬೀರುವಿನ ಮುಂದೆ ಕುಳಿತಾಗ, ಹಿತ್ತಾಳೆ ಮತ್ತು ಆಮೆಚಿಪ್ಪು ಕೂರಿಸಿ ಮಾಡಿದ ಕೆಳ ಅಂಚಿನ ಚಿತ್ತಾರದಿಂದ ಕೂದಲೆಳೆಯಷ್ಟು ಮೇಲೆದ್ದಿದ್ದ ಹಿತ್ತಾಳೆಯ ಬಳ್ಳಿಯೊಂದು ನನ್ನ ಕಣ್ಣಿಗೆ ಬಿತ್ತು. ಫ್ರಾನ್ಸಿನಲ್ಲಿ ಮೂರನೆಯ ನೆಪೋಲಿಯನ್ ಸಾಮ್ರಾಟನಾಗಿದ್ದ 1852ರಿಂದ 1870ರ ಅವಧಿಯಲ್ಲಿ ತಯಾರಾದ ಬೀರು ಅದು. ಅದರ ದುರಸ್ತಿಯನ್ನು ವಹಿಸಿಕೊಂಡಿದ್ದ ಹಿರಿಯರ ಪಕ್ಕದಲ್ಲಿ ಒಂದು ದಿನ ಕುಳಿತು ಕೆಲಸ ನೋಡುವ ಅವಕಾಶ ನನಗೆ ಸಿಕ್ಕಿತ್ತು.

ಒಂದು ಹನಿ ಅಂಟು ಹಾಕಿ ಒತ್ತಿದರೆ ಸಾಲದೇ ಎಂದು ಕೇಳಿದೆ. "ಮೊದಲು ಅದು ಯಾಕೆ ಎದ್ದಿದೆ ಅಂತ ನೋಡಿ" ಎಂದರು. ಒಣ ಹವೆಯಲ್ಲಿ ಮರ ಕುಗ್ಗುತ್ತದೆ, ಹಿತ್ತಾಳೆ ಹಾಗೆ ಕುಗ್ಗುವುದಿಲ್ಲ. ಜಾಗ ಸಾಲದೆ ಅದು ಉಬ್ಬಿ ಮೇಲೇಳುತ್ತದೆ. ಹಾಗೆಯೇ ಒತ್ತಿದರೆ ತಗಡು ಮಡಚಿಕೊಳ್ಳುತ್ತದೆ, ಪಕ್ಕದ ಆಮೆಚಿಪ್ಪು ಬಿರಿಯುತ್ತದೆ.

ಹದಿನಾಲ್ಕನೆಯ ಲೂಯಿಯ ಆಸ್ಥಾನದ ಬಡಗಿ ಆಂದ್ರೆ ಶಾರ್ಲ್ ಬೂಲ್ (1642–1732) ಹಿತ್ತಾಳೆಯನ್ನೂ ಆಮೆಚಿಪ್ಪನ್ನೂ ಹೀಗೆ ಚಿತ್ತಾರವಾಗಿ ಕೂರಿಸುವ ಈ ಕಲೆಯನ್ನು ಮೊದಲು ಕಂಡುಹಿಡಿದವನಲ್ಲದಿದ್ದರೂ, ಅದನ್ನು ಪರಿಪೂರ್ಣತೆಗೆ ಒಯ್ದವನಾದ್ದರಿಂದ ಇಂದಿಗೂ ಅದು ಅವನ ಹೆಸರಿನಲ್ಲೇ ನಡೆಯುತ್ತದೆ. ಹಿತ್ತಾಳೆಯ ತಗಡನ್ನೂ ಆಮೆಚಿಪ್ಪಿನ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಸಣ್ಣ ಗರಗಸದಿಂದ ಒಟ್ಟಿಗೇ ಕತ್ತರಿಸುತ್ತಾರೆ; ಹೀಗಾಗಿ ಒಂದರ ಬಳ್ಳಿ ಇನ್ನೊಂದರ ಖಾಲಿ ಜಾಗದಲ್ಲಿ ಕರಾರುವಾಕ್ಕಾಗಿ ಕೂರುತ್ತದೆ, ಮತ್ತು ಒಂದೇ ಕತ್ತರಿಕೆಯಿಂದ ಬಣ್ಣ ಅದಲುಬದಲಾದ ಜೋಡಿ ಚಿತ್ತಾರಗಳು ದೊರೆಯುತ್ತವೆ. ಚಿಪ್ಪಿನಡಿ ಕೆಂಪು ಬಣ್ಣ ಬಳಿದಿದ್ದರಿಂದ, ಕಿಟಕಿಯ ಬೆಳಕು ಬಿದ್ದಾಗ ಇಡೀ ಅಂಚು ಒಳಗಿನಿಂದ ಕೆಂಡದಂತೆ ಹೊಳೆಯುತ್ತಿತ್ತು. ಆ ಸೊಬಗಿಗಾಗಿ ಪ್ರಾಣ ಕಳೆದುಕೊಂಡ ಕಡಲಾಮೆಗಳ ನೆನಪು ಮಾತ್ರ ನನ್ನನ್ನು ಕಾಡದೆ ಬಿಡಲಿಲ್ಲ. ಈಗ ಆ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿರುವುದು ಸರಿಯೇ ಎನಿಸಿತು.

ಮಧ್ಯಾಹ್ನ ಅವರು ಪ್ರಾಣಿಗಳ ತೊಗಲಿನಿಂದ ತೆಗೆದ ಸರೇಸು ಎಂಬ ಅಂಟನ್ನು ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿದರು. ಆಧುನಿಕ ಅಂಟು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ನಾಳೆ ಮತ್ತೊಬ್ಬರು ಬಿಚ್ಚಬೇಕಾದಾಗ ಅದು ಬಿಡುವುದಿಲ್ಲ. ಸರೇಸು ಬಿಸಿಗೂ ತೇವಕ್ಕೂ ಸಡಿಲಗೊಳ್ಳುತ್ತದೆ. ಬಳ್ಳಿಯ ಅಡಿಯಲ್ಲಿದ್ದ ಹಳೆಯ ಅಂಟನ್ನೂ ಧೂಳನ್ನೂ ತೆಳ್ಳನೆಯ ಅಲಗಿನಿಂದ ಕೆರೆದು ತೆಗೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಆಮೇಲೆ ಸರೇಸು ಸವರಿ, ಮೇಲೆ ಕಾಗದ, ಅದರ ಮೇಲೆ ಬಿಸಿ ಮಾಡಿದ ಮರದ ತುಂಡು ಇಟ್ಟು, ಕ್ಲಾಂಪಿನ ತಿರುಪನ್ನು ನನ್ನ ಕೈಗೆ ಕೊಟ್ಟು, "ನಿಧಾನ" ಎಂದರು. ಅಂಚಿನಿಂದ ಸರೇಸಿನ ಸಣ್ಣ ಮಣಿಯೊಂದು ಹೊರಬಂದಾಗ ನಿಲ್ಲಿಸಿದೆ. ಸಂಜೆ ನಾನು ಹೊರಡುವಾಗ ಕ್ಲಾಂಪ್ ಇನ್ನೂ ಬಿಗಿದೇ ಇತ್ತು.